ಸಗಣಿ ಸುಟ್ಟು ಎದ್ದ ದಿಬ್ಬ

ಬಳ್ಳಾರಿ ಸೀಮೆಯಲ್ಲಿ ಕಲ್ಲುಗುಡ್ಡಗಳಿಗೆ ಬರವಿಲ್ಲ. ಆದರೆ ಕುಡತಿನಿಯ ಹತ್ತಿರ ಒಂದು ದಿಬ್ಬ ಇದೆ, ಅದು ಪೂರ್ತಿ ಬೂದಿ! ಮಳೆಯೋ ಗಾಳಿಯೋ ತಂದು ಸುರಿದದ್ದಲ್ಲ. ಮನುಷ್ಯರೂ ದನಗಳೂ ಸೇರಿ ಮಾಡಿದ್ದು.

ಇಂಥ ಬೂದಿದಿಬ್ಬಗಳು ದಖ್ಖನ್ನಿನಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ. ಹಂಪಿ ಪಕ್ಕದ ನಿಂಬಾಪುರದಲ್ಲಿರುವ ದಿಬ್ಬವನ್ನು ಜನ ರಾಮಾಯಣದ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಅಷ್ಟೊಂದು ಬೂದಿ ಕಂಡವರಿಗೆ ಮಹಾಕಾಯನೊಬ್ಬ ನೆನಪಾದದ್ದು ಸಹಜವೇ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಾತ್ರ, ಇದು ದನದ ಸಗಣಿ ಸುಟ್ಟ ಬೂದಿ ಎಂದರು.

ಅದು ನಿಜವೆಂದು ತಿಳಿಯುವುದು ಹೇಗೆ? ಹುಲ್ಲಿನೊಳಗೆ ಸಿಲಿಕದ ಅತಿಸಣ್ಣ ಕಣಗಳಿರುತ್ತವೆ. ಹಸು ಮೇಯ್ದರೂ ಅವು ಅರಗುವುದಿಲ್ಲ, ಸಗಣಿ ಸುಟ್ಟರೂ ಬೂದಿಯಲ್ಲಿ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಾಣುತ್ತವೆ. ಬೆಂಕಿ ತುಂಬಾ ಜೋರಾಗಿದ್ದ ಕಡೆ ಸಿಲಿಕವೇ ಕರಗಿ, ಬೂದಿ ಕುಲುಮೆಯ ಕಿಟ್ಟದಂತೆ ಗಟ್ಟಿಯಾಗಿದೆ.

1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದರು. ನನಗೆ ಬಹಳ ಇಷ್ಟವಾದ ಸಂಗತಿ ಇದು: ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು! ಸುತ್ತ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ ಇದ್ದವು. ಅಂದರೆ ಅದು 4,000ದಿಂದ 5,000 ವರ್ಷಗಳ ಹಿಂದಿನ ದನದ ದೊಡ್ಡಿ. ಸಗಣಿ ರಾಶಿಯಾದ ಮೇಲೆ ಬೆಂಕಿ ಇಡುವುದು, ಅದರ ಮೇಲೆಯೇ ಮತ್ತೆ ದನ ಕೂಡುವುದು. ಹೀಗೆ ತಲೆಮಾರುಗಳುದ್ದಕ್ಕೂ ನಡೆದು ನೆಲ ಮೇಲೇರಿತು. ಯಾಕೆ ಸುಡುತ್ತಿದ್ದರು? ದನಗಳಿಗೆ ಸಂಬಂಧಿಸಿದ ಹಬ್ಬಕ್ಕಾಗಿ ಇರಬಹುದು ಎಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ಮಕ್ಕಳಿಗೆ ಈ ಊಹೆ ವಿಚಿತ್ರವೆನಿಸದು.

ಇತ್ತೀಚಿನ ಕಾಲದಲ್ಲಿ ರೈತರು ಈ ಬೂದಿಯನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆದರು. ಅದು ಒಳ್ಳೆಯ ಗೊಬ್ಬರ, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಗೊರಸಿನ ಗುರುತಿದ್ದ ಪದರಗಳು ಓದುವ ಮೊದಲೇ ಹೋದದ್ದು ದೊಡ್ಡ ನಷ್ಟ. ಉಳಿದ ದಿಬ್ಬಗಳನ್ನು ಕಾಯಲೇಬೇಕು.

ದಿಬ್ಬವೇ ಇಲ್ಲದ ಕಡೆಯೂ ಹಳೆಯ ದೊಡ್ಡಿಯ ಸುಳಿವು ಮಣ್ಣಿನಲ್ಲಿ ಉಳಿದಿರಬಹುದು. ಸಗಣಿ, ಮೂಳೆ, ಬೂದಿ ಬಿದ್ದಲ್ಲೆಲ್ಲ ರಂಜಕ, ಅಂದರೆ ಫಾಸ್ಫರಸ್, ಮಣ್ಣಿಗೆ ಅಂಟಿಕೊಳ್ಳುತ್ತದೆ. ಮಳೆಗೆ ಅದು ಸುಲಭವಾಗಿ ತೊಳೆದುಹೋಗುವುದಿಲ್ಲ. ಹಾಗಾಗಿ ಬೇಲಿ, ಗುಡಿಸಲು ಏನೂ ಉಳಿಯದ ಬಯಲಿನಲ್ಲೂ ಅಲ್ಲಲ್ಲಿಯ ಹಿಡಿ ಮಣ್ಣಿನ ರಂಜಕ ಅಳೆದು, ದನ ಕಟ್ಟಿದ್ದು ಎಲ್ಲಿರಬಹುದು ಎಂದು ಪುರಾತತ್ವಜ್ಞರು ಹುಡುಕುತ್ತಾರೆ.