ಸೋರುವ ಸ್ಟೇರಿಂಗ್ ಬಾಕ್ಸ್

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪನ್ನು ಜೋಪಾನ ಮಾಡಿಕೊಂಡವರಿಗೆ ಸ್ಟೇರಿಂಗ್ ಬಾಕ್ಸಿನಿಂದ ಗೇರ್ ಆಯಿಲ್ ಸೋರುವುದು ಹಳೇ ಕಾಟ. ಹುಬ್ಬಳ್ಳಿ ಗ್ಯಾರೇಜಿಗೆ ಒಯ್ದರೆ, 'ಗ್ರೀಸ್ ತುಂಬಿಬಿಡ್ರಿ' ಅನ್ನುವವರೂ ಸಿಗುತ್ತಾರೆ. ಸೋರುವುದೇನೋ ನಿಲ್ಲುತ್ತದೆ. ಆದರೆ ಗಟ್ಟಿ ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಮತ್ತೆ ಹರಿದು ಬರುವುದಿಲ್ಲ; ಒಳಗೆ ಜಿಡ್ಡಿಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ.

ಬಲ್ಲ ಮಿಸ್ತ್ರಿ ಹಾಗೆ ಮಾಡುವುದಿಲ್ಲ; ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ ಕೂತ ಪಿಟ್‌ಮನ್ ಆರ್ಮನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರ್ ಹಾಕಿ ಬಿಡಿಸುತ್ತಾನೆ. ಆಮೇಲೆ ಆ ಶಾಫ್ಟ್ ಹಿಡಿದು ಅಲುಗಿಸುತ್ತಾನೆ. ಅಲುಗಿತೋ, ಅದನ್ನು ಹಿಡಿದಿಡುವ ಬುಷ್ ಸವೆದಿದೆ ಅಂತಲೇ ಲೆಕ್ಕ. ಬುಷ್ ಬದಲಿಸದೆ, ಆಯಿಲ್ ತಡೆಯುವ ಸೀಲನ್ನಷ್ಟೇ ಹೊಸದು ಕೂರಿಸಿದರೆ, ಅದೂ ಬೇಗ ಹಾಳಾಗುತ್ತದೆ. ನನ್ನ ಮಟ್ಟಿಗೆ ಇಂಥ ಕೈಗಳೇ ನಮ್ಮೂರಿನ ಆಸ್ತಿ.

ಹಳೇ ಗಾಡಿ ಇದ್ದವರೆ, ಮೊದಲು ಬುಷ್ ನೋಡಿಸಿ, ಆಮೇಲೆ ಸೀಲ್ ಹಾಕಿಸಿ, ಗೇರ್ ಆಯಿಲನ್ನೇ ತುಂಬಿಸಿ.