ಯುಗಾದಿಯ ಬೇವು: ಪ್ರಸಾದವೂ ಹೌದು, ಮದ್ದೂ ಹೌದು



ಚೈತ್ರ ಶುದ್ಧ ಪಾಡ್ಯದಂದು ರಾಯದುರ್ಗದ ಪೇಟೆಯಲ್ಲಾಗಲಿ, ಮಡಕಶಿರದ ಹಳ್ಳಿಗಳಲ್ಲಾಗಲಿ, ಬೇವು ಬಾಯಿಗೆ ಹಾಕದೆ ಹೋಳಿಗೆಯ ಎಲೆಯ ಮುಂದೆ ಕೂಡುವ ಮನೆ ಅಪರೂಪ. ಬೇವು ಬೆಲ್ಲವೆಂದರೆ ಕಷ್ಟಸುಖಗಳ ಸಂಕೇತವೆಂದು ಪ್ರತಿವರ್ಷವೂ ಹೇಳುವವರುಂಟು, ಕೇಳುವವರುಂಟು. ಅದು ಸರಿಯೇ. ಆದರೆ ಬೇವು ಮೊದಲು ಗಿಡಮೂಲಿಕೆ, ಆಮೇಲೆ ಸಂಕೇತ. ಮದ್ದೆಂದ ಮೇಲೆ ಅದಕ್ಕೆ ಸಿದ್ಧತೆಯುಂಟು, ಅಳತೆಯುಂಟು, ಹೊತ್ತುಂಟು. ಹಿರಿಯರು ಇವೆಲ್ಲವನ್ನೂ ಹಬ್ಬದ ವಿಧಿಯೊಳಗೇ ಅಡಗಿಸಿಟ್ಟರು. ವಿಧಿ ಸಡಿಲವಾದರೆ ಮದ್ದು ಮದ್ದಾಗಿ ಉಳಿಯುವುದಿಲ್ಲ.

ಶಿಶಿರದಲ್ಲಿ ದೇಹದಲ್ಲಿ ಕೂಡಿದ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಕೆಡಿಸುತ್ತದೆ ಎಂದು ವಾಗ್ಭಟರ ಅಷ್ಟಾಂಗಹೃದಯ ತಿಳಿಸುತ್ತದೆ. ಆದ್ದರಿಂದ ಈ ಋತುವಿನಲ್ಲಿ ಕಹಿ, ಖಾರ, ಒಗರು ರಸಗಳು ಹಿತವೆಂಬುದು ಆಯುರ್ವೇದದ ಮತ. ಬೇವು ಹೂ ಬಿಡುವುದೂ ಯುಗಾದಿಯ ಆಸುಪಾಸಿನಲ್ಲಿಯೇ. ರೋಗ ಬರುವ ಕಾಲಕ್ಕೆ ಮದ್ದು ಮನೆಬಾಗಿಲ ಮರದಲ್ಲೇ ಅರಳಿ ನಿಲ್ಲುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ, ಬೆಳೆ ಒಣಗಿದ ವರ್ಷವೂ ಬೇವು ಹಸಿರಾಗಿ ನಿಲ್ಲುವುದನ್ನು ಕಾಣದವರಾರು?

ಸಿದ್ಧತೆ ಅಮಾವಾಸ್ಯೆಯ ದಿನದಿಂದಲೇ ಮೊದಲಾಗುತ್ತದೆ. ಮನೆ ಸಾರಿಸಿ, ಮಾವಿನ ಸೊಪ್ಪು, ಬೇವಿನ ಸೊಪ್ಪು ತಂದಿಡುತ್ತಾರೆ. ಸೊಪ್ಪು ತರುವವನಿಗೆ ಮರದ ಗುರುತು ಇರಬೇಕು. ಬೇವಿನ ಹೂವು ಬಿಳುಪು, ಚಿಕ್ಕದು, ಜೇನಿನ ವಾಸನೆಯದು. ಹುಚ್ಚುಬೇವಿನ ಹೂವಿಗೆ ನೇರಳೆ ಛಾಯೆ. ಅದರ ಕಾಯಿ ವಿಷ. ರಸ್ತೆಯ ಧೂಳು ಕುಡಿದ ಮರವನ್ನೂ, ಔಷಧ ಹೊಡೆದ ತೋಟದ ಬದುವಿನ ಮರವನ್ನೂ ಬಿಡುವುದು ಮೇಲು. 2021ರಲ್ಲಿ ಆಂಧ್ರ, ತೆಲಂಗಾಣಗಳಲ್ಲಿ ಬೇವಿನ ಮರಗಳು ತುದಿಯಿಂದ ಒಣಗುತ್ತಾ ಬಂದದ್ದನ್ನು ಭಕ್ತರು ಮರೆತಿರಲಾರರು. ಅಂತಹ ಒಣಗಿದ ಕೊಂಬೆಯ ಚಿಗುರೂ ಬೇಡ.

ಹಬ್ಬದ ದಿನ ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು, ಹೊಸ ಬಟ್ಟೆಯುಟ್ಟು, ಬೇವನ್ನು ಮೊದಲು ದೇವರಿಗೆ ನಿವೇದಿಸಬೇಕು. ಅದುವರೆಗೆ ಕಾಫಿಯೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ಕಹಿಯೇ ನಾಲಗೆಗೂ ತಿಳಿಯುವುದು, ಮನಸ್ಸಿಗೂ ತಿಳಿಯುವುದು. ನಾಲ್ಕಾರು ಹೂವು, ಒಂದೆರಡು ಎಳೆಯ ಚಿಗುರು, ಒಂದು ಚೂರು ಬೆಲ್ಲ: ಇಷ್ಟೇ. ಮನೆಯ ಹಿರಿಯರು ಕೈಗೆ ಹಾಕುತ್ತಾರೆ. ಆಗ ಹೇಳುವ ಶ್ಲೋಕ ನೂರು ವರ್ಷದ ಆಯುಸ್ಸನ್ನೂ, ವಜ್ರದಂತಹ ದೇಹವನ್ನೂ, ಸಕಲ ಸಂಪತ್ತನ್ನೂ ಕೋರಿ, ಅರಿಷ್ಟವೆಲ್ಲ ನಾಶವಾಗಲೆಂದು ಬೇಡುತ್ತದೆ. ಅದರಲ್ಲಿ ಬರುವ ‘ಕಂದಳ’ವೆಂದರೆ ಎಳೆಯ ಚಿಗುರು. ಹಲವರು ಅದನ್ನು ‘ದಳ’ವೆಂದು ಓದಿ ಬಲಿತ ಎಲೆಯನ್ನೇ ಅಗಿದು ಮುಖ ಕಿವುಚುತ್ತಾರೆ!

ಈ ಗಡಿಸೀಮೆಯಲ್ಲಿ ಬೇವು ಒಂದೇ ಬಗೆಯಲ್ಲಿಲ್ಲ. ಹಳೇ ಮೈಸೂರಿನ ಕಡೆ ಒಣ ಬೇವುಬೆಲ್ಲ. ಉತ್ತರ ಕರ್ನಾಟಕದಲ್ಲಿ ಹುರಿಗಡಲೆ ಹಿಟ್ಟು, ಹುಣಸೆ, ಮಾವಿನಕಾಯಿ ಕೂಡಿಸಿ ಕುಡಿಯುವ ಬೇವು. ತೆಲುಗರ ಮನೆಗಳಲ್ಲಿ ಆರು ರುಚಿಯ ಪಚ್ಚಡಿ. ಬಳ್ಳಾರಿ ಜಿಲ್ಲೆ ಹಂಚಿಹೋದಾಗ, 1953ರ ಅಕ್ಟೋಬರ್ 1ರಂದು, ರಾಯದುರ್ಗ ಆಂಧ್ರದಲ್ಲಿ ಉಳಿಯಿತು. ಮಡಕಶಿರ 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಸರಿದಾಡಿದರೂ ಕನ್ನಡದ ಸೊಸೆ ತೆಲುಗು ಮನೆಗೆ ಹೋಗುವುದು, ತೆಲುಗಿನ ಸೊಸೆ ಕನ್ನಡದ ಮನೆಗೆ ಬರುವುದು ನಿಂತಿಲ್ಲ. ಯಾವ ಬಟ್ಟಲಿನಲ್ಲಿ ಕೊಟ್ಟರೂ ಬೇವಿನ ಕಹಿ ಅದೇ ಕಹಿ.

ಕನ್ನಡ ನಾಡಿನ ಇನ್ನೊಂದು ತುದಿಯಾದ ಕಾಸರಗೋಡು, ಮಂಗಳೂರು, ಉಡುಪಿಯ ತುಳುನಾಡಿನಲ್ಲಿ ಇಂತಹುದೇ ಒಂದು ವಿಧಿಯುಂಟು. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುಂಚೆ ಹಾಲೆಮರದ ತೊಗಟೆ ತರುತ್ತಾರೆ. ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಮೆಣಸು, ಬೆಳ್ಳುಳ್ಳಿ, ಓಮ ಕೂಡಿಸಿ ಕಷಾಯ ಮಾಡಿ ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಅದರ ಕಾವು ತಣಿಯಲೆಂದು ಮೇಲೆ ಮೆಂತೆಯ ಗಂಜಿ. ಕತ್ತಲಲ್ಲಿ ಮರದ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿ ಬಲ್ಲವರು ಹಗಲಿನಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಭಕ್ತಿ ಎಷ್ಟಿದ್ದರೂ ಮರದ ಅರಿವಿಗೆ ಅದು ಬದಲಿಯಲ್ಲ.

ಈಗೀಗ ಎರಡು ಬಗೆಯ ತಪ್ಪು ಕಾಣುತ್ತಿದೆ. ಮಕ್ಕಳು ಉಗುಳುತ್ತಾರೆಂದು ಬೆಲ್ಲವನ್ನಷ್ಟೇ ಕೊಟ್ಟು ಬೇವನ್ನು ತಟ್ಟೆಯಂಚಿಗೆ ಸರಿಸುವುದು ಒಂದು. ಮಗು ಉಗುಳಿದರೂ ಚಿಂತೆಯಿಲ್ಲ, ಒಂದು ಹೂವಾದರೂ ನಾಲಗೆಗೆ ಮುಟ್ಟಲಿ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ಸ್ವಲ್ಪ ಒಳ್ಳೆಯದಾದರೆ ಹೆಚ್ಚು ಇನ್ನೂ ಒಳ್ಳೆಯದೆಂದು ಬೇವಿನ ರಸವನ್ನು ಲೋಟಗಟ್ಟಲೆ ಕುಡಿಯುವುದು, ಕೂಸಿಗೆ ಬೇವಿನೆಣ್ಣೆ ಕುಡಿಸುವುದು. ಎಣ್ಣೆ ಕುಡಿಸಿದ ಕೂಸುಗಳಿಗೆ ವಾಂತಿ, ಮಂಪರು, ಸೆಳವು ಬಂದುದನ್ನು ಮಲೇಷ್ಯಾದ ವೈದ್ಯರು 1981ರಲ್ಲಿಯೇ ವರದಿ ಮಾಡಿದ್ದಾರೆ. ಬಸುರಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬೇವಿನ ಕಷಾಯದ ಗೋಜಿಗೆ ಹೋಗಬಾರದು. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟುವುದು ಮಾರಮ್ಮನ ಮೇಲಿನ ಭಕ್ತಿ. ಸಿಡುಬನ್ನು ಜಗತ್ತಿನಿಂದಲೇ ತೊಲಗಿಸಿದ್ದು ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೆಂದು ಸಾರಿದ್ದು 1980ರಲ್ಲಿ. ಎರಡನ್ನೂ ಗೌರವಿಸುವುದರಲ್ಲಿ ಅಡ್ಡಿಯೇನೂ ಇಲ್ಲ.

ದೇವಸ್ಥಾನದಲ್ಲಿ ಬೇವು ಹಂಚುವಾಗಲೂ ಇದೇ ಕ್ರಮ ಸಲ್ಲುತ್ತದೆ. ಹೂವನ್ನು ಆರಿಸಿ, ತೊಳೆದು, ಅಂದೇ ಬೆಲ್ಲದೊಡನೆ ಬೆರೆಸಬೇಕು. ಹಿಂದಿನ ರಾತ್ರಿ ಕಲಸಿಟ್ಟರೆ ನೀರು ಬಿಟ್ಟು ಹುಳಿಯುತ್ತದೆ. ಸರದಿಯಲ್ಲಿ ಬಂದವರಿಗೆ ಮೂರು ಬೆರಳಲ್ಲಿ ಹಿಡಿಯುವಷ್ಟು, ಮಕ್ಕಳಿಗೆ ಅದರಲ್ಲಿ ಅರ್ಧ. ಅದನ್ನು ಕಣ್ಣಿಗೊತ್ತಿಕೊಂಡು ತಿಂದ ಮೇಲೆ ಪಂಚಾಂಗ ಶ್ರವಣ. ಈ ವರ್ಷ ಮಳೆ ಎಷ್ಟು ಕೊಳಗವೆಂದು ಪುರೋಹಿತರು ಓದುವಾಗ, ಕಡಲೆಕಾಯಿ ಬಿತ್ತುವ ರೈತ ಬಾಯಲ್ಲಿ ಇನ್ನೂ ಉಳಿದ ಕಹಿಯೊಡನೆ ಕಿವಿಗೊಟ್ಟು ಕುಳಿತಿರುತ್ತಾನೆ.