ರಾಜಿಯ ದಾರಿ: ಲೋಕ ಅದಾಲತ್ ಬೆಳೆದು ಬಂದ ಬಗೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ ನಮ್ಮ ಜನ. ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೈಯಲ್ಲಿದ್ದ ಹಣವೆಲ್ಲ ಫೀಸಿಗೂ ಓಡಾಟಕ್ಕೂ ಕರಗಿದವರ ನೋವಿನ ಮಾತು ಅದು.

ಕೋರ್ಟಿನ ಹೊರಗೆ, ಊರ ಕಟ್ಟೆಯ ಮೇಲೆ ಹಿರಿಯರು ಕೂತು ಜಗಳ ಬಗೆಹರಿಸುವುದು ನಮ್ಮಲ್ಲಿ ಹಳೆಯ ರೂಢಿ. ಅಲ್ಲಿ ತೀರ್ಮಾನ ಬೇಗ ಆಗುತ್ತಿತ್ತು, ನಿಜ. ಆದರೆ ಹೆಂಗಸರ, ದಲಿತರ ಮಾತಿಗೆ ಅಲ್ಲಿ ಬೆಲೆ ಸಿಗುತ್ತಿದ್ದುದು ಅಪರೂಪ.

1949ರಲ್ಲಿ ಗಾಂಧಿವಾದಿ ಹರಿವಲ್ಲಭ ಪರೀಖ್ ಗುಜರಾತಿನ ರಂಗಪುರದಲ್ಲಿ ಆದಿವಾಸಿಗಳ ನಡುವೆ ನೆಲೆಸಿದರು. ಗಂಡ-ಹೆಂಡಿರ ವಿರಸ, ಜಮೀನಿನ ತಕರಾರುಗಳನ್ನು ಜನರೆದುರಿಗೇ ಇತ್ಯರ್ಥ ಮಾಡುವ ಲೋಕ ಅದಾಲತ್ ನಡೆಸಿದರು. ಮುಂದೆ ಕಾನೂನು ವಿದ್ವಾಂಸ ಉಪೇಂದ್ರ ಬಕ್ಷಿಯವರ ಅಧ್ಯಯನ ಆ ಪ್ರಯೋಗವನ್ನು ಹೊರಜಗತ್ತಿಗೆ ತಿಳಿಸಿತು.

1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದೆಂಬ ಹೊಣೆ ಸರ್ಕಾರದ ಮೇಲೆ ಬಿತ್ತು. 1982ರ ಮಾರ್ಚ್ 14ರಂದು ಜುನಾಗಢ ಜಿಲ್ಲೆಯ ಊನಾದಲ್ಲಿ ಲೋಕ ಅದಾಲತ್ ನಡೆದಾಗ, ರಂಗಪುರದ ಪ್ರಯೋಗಕ್ಕೆ ಹೊಸ ರೂಪ ಬಂತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾಗಿ, ಅದಾಲತ್ತಿನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಕೊಟ್ಟಿತು. ಕಟ್ಟಿದ ಕೋರ್ಟ್ ಶುಲ್ಕ ವಾಪಸು, ಮೇಲ್ಮನವಿ ಇಲ್ಲ. ಕೊಲೆಯಂಥ ರಾಜಿಗೆ ಬಾರದ ಅಪರಾಧಗಳಿಗೆ ಅಲ್ಲಿ ಪ್ರವೇಶವಿಲ್ಲ.

ಮೇಲ್ಮನವಿ ಇಲ್ಲದ ಕಡೆ ಒಪ್ಪಿಗೆಯೇ ಜೀವಾಳ. ಪಂಜಾಬಿನ ಒಂದು ಅಪಘಾತ ಪ್ರಕರಣದಲ್ಲಿ ಕಕ್ಷಿದಾರರು ಒಪ್ಪದಿದ್ದರೂ ಲೋಕ ಅದಾಲತ್ ಪರಿಹಾರದ ಮೊತ್ತವನ್ನು ತಾನೇ ಹೆಚ್ಚಿಸಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತು: ಅದಾಲತ್ತಿನ ಕೆಲಸ ರಾಜಿ ಮಾಡಿಸುವುದು, ತೀರ್ಪು ಕೊಡುವುದಲ್ಲ.

2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲೂ, 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಒಪ್ಪಿಗೆಯ ಇದೇ ತತ್ವವಿದೆ. ಆದರೂ ಆತಂಕ ಉಳಿದಿದೆ. ದುಡಿಯುವ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ, ಇವತ್ತಿನ ಖರ್ಚಿಗೆ ದಿಕ್ಕಿಲ್ಲದೆ ಕಡಿಮೆ ಹಣಕ್ಕೆ ತಲೆಯಾಡಿಸಿದರೆ ಅದನ್ನು ಮನಃಪೂರ್ವಕ ಒಪ್ಪಿಗೆ ಎನ್ನಲಾದೀತೆ? ಇತ್ಯರ್ಥವಾದ ಕೇಸುಗಳ ಎಣಿಕೆಗಿಂತ ಈ ಪ್ರಶ್ನೆ ದೊಡ್ಡದು.

ಹಾಗಾಗಿ, ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿಸಿ ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಒಪ್ಪಿಗೆಯಾಗದಿದ್ದರೆ ಬೇಡ ಎನ್ನಿ; ನಿಮ್ಮ ಕೇಸು ಮತ್ತೆ ಕೋರ್ಟಿನಲ್ಲಿ ಮುಂದುವರಿಯುತ್ತದೆ. ಬೇಡ ಎನ್ನುವ ಹಕ್ಕು ಇದ್ದಾಗ ಮಾತ್ರ ರಾಜಿಯೂ ನ್ಯಾಯವಾಗುತ್ತದೆ.